ಬರ್ಫದ ಪೆಟ್ಟಿಗೆಯಲ್ಲಿ ಉಳಿದ ನೀರು

ಮಲೇರಿಯಾ ಸಾಹೇಬರು ಮಚ್ಛೇಂದ್ರನ ಎದುರಿಗೇ ನಿಂತು ಒಂದು ಗ್ಲಾಸು ಲಿಂಬೆಹಣ್ಣಿನ ಸರಬತ್ತನ್ನು ಪೂರ್ತಿ ಕುಡಿದು ಮುಗಿಸಿದರು. ಕೊನೆಗೆ ತಳದಲ್ಲಿ ಉಳಿದ ಬರ್ಫದ ತುಂಡನ್ನು ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದರು. 'ತಗೊಳ್ಳಿ' ಎಂದು ಒಂದು ಮಾತು ಅನ್ನಲಿಲ್ಲ.

ಬೀದರದಲ್ಲಿ ಎದುರಿಗಿದ್ದವನನ್ನು ಕೇಳದೆ ಯಾರೂ ಒಂದು ಗುಟುಕು ಕುಡಿಯುವುದಿಲ್ಲ. ಕೇಳಿಸಿಕೊಂಡವನು 'ಬ್ಯಾಡ್ರಿ, ನೀವು ತಗೊಳ್ರಿ' ಎನ್ನುತ್ತಾನೆ. ಇವನು ಇನ್ನೊಮ್ಮೆ ಒತ್ತಾಯ ಮಾಡುತ್ತಾನೆ. ಅವನು ಆಗ ಒಲ್ಲದ ಮನಸ್ಸಿನವನಂತೆ ಕೈ ಚಾಚುತ್ತಾನೆ. ಇಷ್ಟೂ ಆದ ಮೇಲೆಯೇ ಗ್ಲಾಸಿಗೆ ತುಟಿ ಹಚ್ಚುವ ಹಕ್ಕು ಬರುವುದು. ಸಾಹೇಬರು ಕೇಳಿದ್ದರೆ ಮಚ್ಛೇಂದ್ರ ಖಂಡಿತ ಬೇಡ ಎನ್ನುತ್ತಿದ್ದ. ಬೇಡ ಎನ್ನಲು ಅವಕಾಶ ಕೊಡಲಿಲ್ಲವಲ್ಲ ಎಂಬುದೇ ಅವನ ಸಂಕಟ.

ಹೋದ ನವೆಂಬರಿನಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತ್ತು. ಅದರಿಂದಾದ ಉಳಿದದ್ದನ್ನೆಲ್ಲ ಅವನು ಕ್ಷಮಿಸಿದ್ದ. ವರ್ಷಗಟ್ಟಲೆ ತಿದ್ದಿ ಮುತ್ತಿನಂತೆ ಮಾಡಿಕೊಂಡ ಉರ್ದು ಕೈಬರಹ ಕಚೇರಿಯಲ್ಲಿ ಬೇಡವಾಯಿತು. ಹೋಗಲಿ. ಮಂಡ್ಯದ ಕಡೆಯಿಂದ ಬಂದ ಸಾಹೇಬರಿಗೆ ಅವನ ಕನ್ನಡ ಅರ್ಧ ತಿಳಿಯುತ್ತಿರಲಿಲ್ಲ. ಅದೂ ಹೋಗಲಿ. ಅವನು ಅವರ ಕ್ಯಾಂಪ್ ಗುಮಾಸ್ತ. ಊರೂರಿನ ಬಾವಿಗಳಿಗೆ ಸೊಳ್ಳೆಮರಿ ತಿನ್ನುವ ಸಣ್ಣ ಮೀನು ಬಿಡುವುದು ಸಾಹೇಬರ ಹುಚ್ಚು. ಯಾವ ನೀರು ಕಂಡರೂ ಗ್ಲಾಸಿನಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುವುದು ಅವರ ಚಟ. ಜೀಪಿನಲ್ಲಿ ಮೀನಿನ ಕೊಡ ಮಚ್ಛೇಂದ್ರನ ತೊಡೆಯ ಮೇಲೆ. ಮೀನಿಗೆ ಬಿಸಿಲು ತಾಗದಂತೆ ಒದ್ದೆ ಬಟ್ಟೆ, ಮಚ್ಛೇಂದ್ರನಿಗೆ ಅವನ ಹಳೆಯ ಟೊಪ್ಪಿಗೆ. ಇಷ್ಟು ಮಾಡಿ ಮಚ್ಛೇಂದ್ರನದೇ ಊರಾದ ಭಾಲ್ಕಿಗೆ ಒಯ್ದರೆ ಜನ ಬಾವಿಗೆ ಅಡ್ಡ ನಿಂತು, "ಕುಡಿಯೂ ನೀರಾಗ ಮೀನ ಬಿಟ್ಟು ನಮಗ ಕೆಡಸ್ಲಿಕ್ಕ ಬಂದೀರೇನ್ರಿ?" ಎಂದು ಗದರಿಸಿದ್ದರು. ಸಾಹೇಬರು ಮುಖ ಸಣ್ಣ ಮಾಡಿಕೊಂಡು, ಬೇಡ ಎನ್ನುವವರಿಲ್ಲದ ಒಂದು ಸರಕಾರಿ ಬಾವಿಯಲ್ಲಿ ಕೊಡ ಬರಿದು ಮಾಡಿ ಹಿಂದಿರುಗಿದ್ದರು.

ಅವಮಾನವೊಂದೇ ಆಗಿದ್ದರೆ ಮಚ್ಛೇಂದ್ರ ನುಂಗಿಕೊಳ್ಳುತ್ತಿದ್ದ. ಆದರೆ ಮಗಳು ಶೋಭಾಳ ನಿಶ್ಚಯ ಎದುರಿಗೆ ಬಂದಿತ್ತು. ಬೀಗರು ಉದಗೀರದವರು. ಮೊನ್ನೆಯತನಕ ಬೀದರ ಜಿಲ್ಲೆಯದೇ ಆಗಿದ್ದ ಉದಗೀರ ಈಗ ಮುಂಬಯಿ ರಾಜ್ಯಕ್ಕೆ ಹೋಗಿತ್ತು. ಬೀಗ ನರಸಿಂಗರು ಮುಂಬಯಿಯನ್ನು ಕಣ್ಣಿಂದ ಕಂಡವರಲ್ಲ. ಆದರೂ ಗಡ್ಡ ಸವರಿಕೊಂಡು ಹೇಳಿದ್ದರು: "ನಮ್ಮ ಮುಂಬಯಿ ಕಡಿ ಬರ್ಫ ಇಲ್ಲದ ಸರಬತ್ ಯಾರೂ ಮುಟ್ಟೂದಿಲ್ರಿ. ನಿಮ್ಮ ಕಡಿ ಹ್ಯಾಂಗೋ ಏನೋ. ಬರ್ಫಾನೂ ಸಿಗದ ಊರಿಂದ ಹೆಣ್ಣು ತರಬೇಕೇನು ಅಂತ ನಮ್ಮ ಅಣ್ಣತಮ್ಮರು ಕೇಳ್ಲಿಕ್ಕತ್ಯಾರ."

"ನಾವೂ ಈಗ ಮೈಸೂರಿನವ್ರ ಆಗೇವ್ರಿ," ಎಂದುಬಿಟ್ಟಿದ್ದ ಮಚ್ಛೇಂದ್ರ. "ಬರ್ಫಕ್ಕೇನು ಕಮ್ಮಿ?"

ಒಳಗೆ ಹೋದಾಗ ಹೆಂಡತಿ ಕೇಶರಬಾಯಿ ಕೇಳಿದಳು: "ಮೈಸೂರಾಗ ಬರ್ಫ ಬೀಳ್ತದೇನ್ರಿ?"

ಬರ್ಫ ಬರುವುದು ಹೈದರಾಬಾದಿನಿಂದ, ಮುಂಜಾನೆಯ ರೈಲಿನಲ್ಲಿ. ಮೇ ತಿಂಗಳಿನಲ್ಲಿ ಅದು ದವಾಖಾನೆಗೆ, ದೊಡ್ಡವರ ಬಂಗಲೆಗೆ, ಮತ್ತು ಕ್ಯಾಂಪಿಗೆ ಹೊರಟ ಸಾಹೇಬರಿಗೆ. ಗುಮಾಸ್ತನ ಮಗಳ ನಿಶ್ಚಯಕ್ಕಲ್ಲ.

ಅವನ ತಲೆಗೆ ಆ ವಿಚಾರ ಬಂದಾಗ ಅದರ ಅಂದಕ್ಕೆ ಅವನೇ ಬೆರಗಾದ. ಕಳ್ಳರು ಸಿಕ್ಕಿಬೀಳುವುದು ಕದ್ದ ಮಾಲಿನಿಂದ. ಬಂಗಾರ ಕದ್ದರೆ ಹೂಳಬೇಕು, ಎಮ್ಮೆ ಕದ್ದರೆ ಅಡಗಿಸಬೇಕು. ಬರ್ಫ ಕದ್ದರೆ? ಅದು ತಾನಾಗಿಯೇ ಇಲ್ಲದಂತಾಗುತ್ತದೆ. ಕದಿಯದಿದ್ದರೂ ಇಲ್ಲದಂತಾಗುತ್ತದೆ. ಬಿಸಿಲಿನ ಮೇಲೆ ಫಿರ್ಯಾದಿ ಕೊಟ್ಟವರನ್ನು ಅವನು ಇದುವರೆಗೆ ಕಂಡಿರಲಿಲ್ಲ.

ಅದೇ ವಾರ ಸಾಹೇಬರು, ಗೋಣಿ ಸುತ್ತಿದ ಐಸು ಕ್ಯಾಂಪಿನವರೆಗೆ ತಾಳುತ್ತಿಲ್ಲವೆಂದು, "ಜೀಪಿನಲ್ಲಿಡೋಕೆ ಒಂದು ಒಳ್ಳೆ ಐಸ್ ಪೆಟ್ಟಿಗೆ ನೋಡಿ ತನ್ನಿ" ಎಂದು ಅವನನ್ನೇ ಕಳಿಸಿದರು. ಒಳ್ಳೆಯದನ್ನು ಆರಿಸಲು ಬೇಕಾದ ತಿಳಿವಳಿಕೆಯೇ ಕೆಟ್ಟದ್ದನ್ನು ಆರಿಸಲೂ ಬೇಕು. ಮಚ್ಛೇಂದ್ರ ಅದನ್ನು ಗಳಿಸಿಕೊಂಡೇ ಹೊರಟ.

ಹಳೆಯ ಸಾಮಾನಿನ ಅಬ್ದುಲ ಮಜೀದ ಒಂದು ಭಾರೀ ಪೆಟ್ಟಿಗೆಯ ಮುಚ್ಚಳ ಎತ್ತಿ ತೋರಿಸಿದ. "ಮುನವ್ವರ ಬೇಗಂರ ದೇವಡಿದು. ನವಾಬಸಾಬರು ಶಿಕಾರಿಗೆ ಒಯ್ತಿದ್ರು. ಸಾಗವಾನಿ ಕಟಗಿ, ಒಳಗ ಜಸ್ತದ ತಗಡ, ನಡುವ ಬೂಚಿನ ಪುಡಿ. ಜುಮ್ಮಾದ ದಿನ ಬರ್ಫ ಇಡ್ರಿ, ಐತವಾರ ತಗೀರಿ, ಹಂಗಾ ಇರ್ತದ."

ಮಚ್ಛೇಂದ್ರ ಒಳಗೆ ಕೈಯಾಡಿಸಿದ. ಮುಚ್ಚಳ ಉಸಿರೂ ಹೊರಬಿಡದಂತೆ ಕೂಡುತ್ತಿತ್ತು. ಇದಕ್ಕಿಂತ ಅಪಾಯದ ಪೆಟ್ಟಿಗೆ ಬೀದರದಲ್ಲಿ ಇರಲಾರದು. "ಭಾಳ ವಜ್ಜಾ ಅದ," ಎಂದ.

ಮೂಲೆಯಲ್ಲಿ ಇನ್ನೊಂದಿತ್ತು. ಟ್ರಂಕಿನೊಳಗೆ ಟ್ರಂಕು, ನಡುವೆ ಹಿಡಿಯಷ್ಟು ಕಟ್ಟಿಗೆ ಹೊಟ್ಟು. ಕೆಳಗೊಂದು ಹಿತ್ತಾಳೆಯ ನಳ, ಮೇಲೆ ನೀಲಿ ಬಣ್ಣ, ಬಣ್ಣದ ಮೇಲೆ ಕಮಲ. ಮುಚ್ಚಳದ ಸಂದಿಯಲ್ಲಿ ಬೆರಳು ತೂರುತ್ತಿತ್ತು.

"ಅದು ಬ್ಯಾಡ್ರಿ ಸಾಬ," ಎಂದ ಮಜೀದ. "ಅದ್ರಾಗ ರೊಟ್ಟಿ ಇಟ್ರ ಬಿಸಿ ಇರ್ತಾವ."

"ಇದಾ ಇರ್ಲಿ," ಎಂದ ಮಚ್ಛೇಂದ್ರ.

ಸಾಹೇಬರು ನಳ ನೋಡಿ ಹಿಗ್ಗಿದರು. ಮೊದಲ ಕ್ಯಾಂಪಿನಲ್ಲೇ ಅದು ಹೊಟ್ಟು ತುಂಬಿ ಕಟ್ಟಿಕೊಂಡಿತು. ಅವಸರಪಡುವುದು ಕಳ್ಳರ ದೋಷ ಎಂದು ತಿಳಿದಿದ್ದ ಮಚ್ಛೇಂದ್ರ ಮೊದಲ ಕೆಲವು ಕ್ಯಾಂಪುಗಳಲ್ಲಿ ಒಂದು ತುಣುಕನ್ನೂ ಮುಟ್ಟಲಿಲ್ಲ. ಪೆಟ್ಟಿಗೆಯನ್ನು ಬಿಸಿಲಿನ ಬದಿಗಿಟ್ಟ, ಆಗಾಗ ಮುಚ್ಚಳ ತೆರೆದು ಕಾಳಜಿಯಿಂದ ವಿಚಾರಿಸಿಕೊಂಡ. ಬರ್ಫ ಭಾಲ್ಕಿಯಲ್ಲಿ ಅರ್ಧವಾಗಿ ಔರಾದದಲ್ಲಿ ನೀರಾಯಿತು. ಸಾಹೇಬರು ನಿಟ್ಟುಸಿರು ಬಿಟ್ಟು, ಆ ತಣ್ಣೀರನ್ನೇ ಗ್ಲಾಸಿನಿಂದ ಮೊಗೆದು ಕುಡಿದರು. ಒಬ್ಬರೇ ಕುಡಿದರು. ಮಚ್ಛೇಂದ್ರನ ಮನಸ್ಸಿನಲ್ಲಿ ಉಳಿದಿದ್ದ ಸ್ವಲ್ಪ ಅಳುಕೂ ಕರಗಿತು.

ನಿಶ್ಚಯದ ಶುಕ್ರವಾರ ಮುಂಜಾನೆ ಪೆಟ್ಟಿಗೆ ತುಂಬ ಬರ್ಫವಿಟ್ಟುಕೊಂಡು ಜೀಪು ಬೀದರ ಬಿಟ್ಟಿತು. ಮುಕ್ಕಾಮು ಔರಾದದಾಚೆ ಗಡಿಯ ಡಾಬಕಾದಲ್ಲಿ. ಭಾಲ್ಕಿಯ ಬಂಗಲೆಯಲ್ಲಿ ಮಧ್ಯಾಹ್ನದ ಊಟ. ಅಷ್ಟು ಹೊತ್ತು ಅದೇ ಊರಲ್ಲಿದ್ದ ತನ್ನ ಮನೆಗೆ, ನಿಶ್ಚಯಕ್ಕೆ, ಹೋಗಿ ಬರಲು ಮಚ್ಛೇಂದ್ರನಿಗೆ ಅಪ್ಪಣೆ. ಸಾಹೇಬರು ಉಂಡು ಅಡ್ಡಾದರು. ಡ್ರೈವರ್ ಕರೀಮ ಸಾಬ ನಮಾಜಿಗೆ ಹೋದ. ಬಂಗಲೆಯ ಹಿಂದೆ ಕೇಶರಬಾಯಿಯ ತಮ್ಮ ಪಂಢರಿ ಸೈಕಲ್ ಹಿಡಿದು ನಿಂತಿದ್ದ.

"ಭಾವಾರ, ಇದು ಸರಕಾರಿ ಬರ್ಫ ಅಲ್ಲೇನ್ರಿ?" ಎಂದ ಪಂಢರಿ, ಗೋಣಿಚೀಲ ಬಿಚ್ಚುತ್ತ.

"ಕರಗೂತನಕಾ ಸರಕಾರದ್ದು. ಕರಗಿದ ಮ್ಯಾಲ ಯಾರದು? ಜಲ್ದಿ ಹಿಡಿ."

ಒಂದು ತೆಂಗಿನಕಾಯಿಯಷ್ಟು ತುಣುಕನ್ನು ಬಿಟ್ಟು ಉಳಿದದ್ದೆಲ್ಲ ಚೀಲಕ್ಕೆ ಹೋಯಿತು. ಸಾಧಾರಣ ಕಳ್ಳನಾಗಿದ್ದರೆ ಇಲ್ಲಿಗೆ ನಿಲ್ಲಿಸುತ್ತಿದ್ದ. ಬರ್ಫ ಕರಗಿದರೆ ನೀರು ಇರಲೇಬೇಕು, ಒಣಗಿದ ಪೆಟ್ಟಿಗೆ ಬಾಯಿಬಿಟ್ಟು ನಿಜ ಹೇಳೀತು ಎಂಬುದು ಎಷ್ಟು ಜನಕ್ಕೆ ಹೊಳೆದೀತು? ಮಚ್ಛೇಂದ್ರ ಬಂಗಲೆಯ ಬಾವಿಗೆ ಕೊಡ ಇಳಿಬಿಟ್ಟು, ಸೇದಿ ತಂದು, ಪೆಟ್ಟಿಗೆಗೆ ಸುರಿದ. ಮನೆಯಲ್ಲಾದರೆ ಬಟ್ಟೆ ಕಟ್ಟಿ ಸೋಸುವ ರೂಢಿ. ಆದರೆ ಇದು ಕುಡಿಯುವ ನೀರಲ್ಲ, ಸಾಕ್ಷಿ ಹೇಳುವ ನೀರು. ಉಳಿಸಿದ ತುಣುಕು ಅದನ್ನು ತಂಪು ಮಾಡುತ್ತ ಮುಳುಗೇಳುತ್ತಿತ್ತು. ಮುಚ್ಚಳ ಹಾಕಿ, ಕಮಲದ ಮೇಲಿನ ಧೂಳನ್ನು ಟೊಪ್ಪಿಗೆಯಿಂದ ಒರೆಸಿದ.

ನಿಶ್ಚಯ ಸಾಂಗವಾಯಿತು. ನರಸಿಂಗರ ಕೈಯಲ್ಲಿ ಗ್ಲಾಸು ಬೆವರಿತು. ಒಂದು ಗುಟುಕು ಕುಡಿದದ್ದೇ ಅವರ ಹಲ್ಲು ಝುಂ ಎಂದು, ಕಣ್ಣಲ್ಲಿ ನೀರು ಬಂತು. ಬರ್ಫ ಕುಡಿದು ರೂಢಿಯಿಲ್ಲವೆಂಬುದು ಎಲ್ಲರಿಗೂ ಕಂಡಿತು. ಮುಂಬಯಿಯ ಮಾನ ಉಳಿಸಲೆಂದು, "ಬರೋಬ್ಬರಿ ಅದ," ಎಂದರು. ಅವರ ಮಡದಿ ಕಾಂತಾಬಾಯಿ ಎರಡನೇ ಗ್ಲಾಸಿಗೆ ಕೈ ಚಾಚಿ, ಶೋಭಾಳ ಉಡಿಗೆ ಸಕ್ಕರೆ ಹಾಕಿದರು. ಮಚ್ಛೇಂದ್ರನಿಗೆ ಯಾರೋ ಗ್ಲಾಸು ನೀಡಿದರು. ರೂಢಿಯಂತೆ ಬೇಡ ಎಂದ. ಗದ್ದಲದಲ್ಲಿ ಇನ್ನೊಮ್ಮೆ ಕೇಳುವುದು ಯಾರಿಗೂ ನೆನಪಾಗಲಿಲ್ಲ. ಬಾಯಾರಿಕೆಯಲ್ಲೇ ಜೀಪು ಹತ್ತಿದ.

ಡಾಬಕಾ ಮುಟ್ಟಿದಾಗ ಹೊತ್ತು ಇಳಿದಿತ್ತು. ಹುಣಸೆಮರದ ಕೆಳಗೆ ಡೇರೆ ಎದ್ದಿತು. ಸಾಹೇಬರು ಮುಚ್ಚಳ ಎತ್ತಿದರು. ಒಳಗೆ ಬರೀ ನೀರು.

"ಎಲ್ಲಾ ಹೋಯ್ತಲ್ರೀ!"

"ಏನ್ ಮಾಡೂದ್ರಿ ಸಾಹೇಬ್ರ, ಬಿಸಲು," ಎಂದ ಮಚ್ಛೇಂದ್ರ, ದುಃಖವನ್ನು ಅಳತೆ ಮೀರದಂತೆ ಬೆರೆಸಿ.

ಸಾಹೇಬರು ಬಿಸಿಲಿಗೆ ಎರಡು ಮಾತು ಬೈದರು. ಅಷ್ಟೇ. ಮುಗಿಯಿತು. ಇಂಥ ನಿಷ್ಕಳಂಕ ಕಳವನ್ನು ಯಾರಿಗೂ ಹೇಳಿಕೊಳ್ಳುವಂತಿಲ್ಲವಲ್ಲ ಎಂಬ ಕೊರತೆಯೊಂದೇ ಅವನಿಗೆ ಉಳಿಯಿತು. ಸಾಹೇಬರು ಎಂದಿನಂತೆ ಗ್ಲಾಸು ಮುಳುಗಿಸಿ ಮೊಗೆದರು. ಆದರೆ ಕುಡಿಯಲಿಲ್ಲ. ನಾಚಿಕೊಂಡವರಂತೆ ಅವನ ಕಡೆ ತಿರುಗಿದರು. "ಕರೀಮ ಸಾಬ್ ಹೇಳಿದ್ರು ಕಣ್ರೀ. ಈ ಕಡೆ ಎದುರಿಗಿದ್ದೋರಿಗೆ ಕೊಡದೆ ಕುಡಿಯಬಾರದಂತೆ. ನನಗೆ ಗೊತ್ತಿರಲಿಲ್ಲ, ತಪ್ಪು ತಿಳ್ಕೋಬೇಡಿ. ತಗೊಳ್ಳಿ, ಮೊದಲು ನೀವು ಕುಡೀರಿ."

ಮಚ್ಛೇಂದ್ರನ ಗಂಟಲು ಒಣಗಿತ್ತು, ಎದೆ ತುಂಬಿ ಬಂದಿತ್ತು. ಇಷ್ಟು ತಿಂಗಳು ಕಾದ ಮಾತನ್ನು ಅವನು ಕೊನೆಗೂ ಗತ್ತಿನಿಂದ ಆಡಿದ: "ಬ್ಯಾಡ್ರಿ ಸಾಹೇಬ್ರ, ನೀವು ತಗೊಳ್ರಿ." ಇನ್ನೊಮ್ಮೆ ಕೇಳುತ್ತಾರೆಂದು ಕೈಯನ್ನು ಅರ್ಧ ಎತ್ತಿಯೂ ಇದ್ದ. ಆದರೆ ಮಂಡ್ಯದ ಕಡೆ ಬೇಡ ಎಂದರೆ ಬೇಡ ಎಂದೇ ಅರ್ಥ. ಸಾಹೇಬರು ಗ್ಲಾಸನ್ನು ಹಿಂದಕ್ಕೆ ಒಯ್ದು, ಚಟದಂತೆ, ಮುಳುಗುವ ಸೂರ್ಯನಿಗೆ ಎತ್ತಿ ಹಿಡಿದರು. ಹಿಡಿದವರು ಹಾಗೇ ನಿಂತರು. "ಬದುಕಿದೆ!" ಎಂದು ಕೂಗಿದರು, ಮಕ್ಕಳು ಕೂಗುವಂತೆ. "ಮಚ್ಛೇಂದ್ರ, ನೋಡ್ರೀ, ಮರಿ ಕೂಡ ಹಾಕಿದೆ! ಭಾಲ್ಕೀಲಿ ನಾವು ಬಿಟ್ಟಿದ್ದು ಒಂದೇ ಬಾವಿಗೆ, ಆ ಬಂಗಲೆ ಬಾವಿಗೆ..." ಮಾತು ಅಲ್ಲಿಗೆ ನಿಂತಿತು. ಸಾಹೇಬರ ಸಂತೋಷ ಮಾತ್ರ ಇನ್ನೂ ಸ್ವಲ್ಪ ದೂರ ತಾನೊಂದೇ ಓಡಿ, ಆಮೇಲೆ ಅನುಮಾನ ಬಂದು ತಿರುಗಿ ಪೆಟ್ಟಿಗೆಯ ಕಡೆ ನೋಡಿತು, ಪೆಟ್ಟಿಗೆಯಿಂದ ಗುಮಾಸ್ತನ ಕಡೆಗೆ. ಗ್ಲಾಸಿನಲ್ಲಿ, ಹೈದರಾಬಾದಿನ ಬರ್ಫ ಕರಗಿ ಆದ ನೀರಿನಲ್ಲಿ, ಉಗುರಿನಷ್ಟುದ್ದದ ಮೀನೊಂದು ಬಾಲ ಅಲ್ಲಾಡಿಸುತ್ತ, ತನ್ನ ತಾಯಿಯನ್ನು ತೊಡೆಯ ಮೇಲೆ ಹೊತ್ತು ತಂದವನ ಗುರುತು ಹಿಡಿದಂತೆ, ಮಚ್ಛೇಂದ್ರನ ಕಡೆಗೇ ಮೂತಿ ಮಾಡಿ ನಿಂತಿತ್ತು.