ಕೆಡ್ಡಸದ ದಿನ ಬಿದ್ದ ಪಾಗಾರ

ಸಾವಿರದ ಒಂಬೈನೂರ ಎಂಬತ್ತಾರರ ಫೆಬ್ರವರಿಯಲ್ಲಿ, ಉದ್ಯಾವರದ ಗುತ್ತುಮನೆಯ ಅಂಗಳದಲ್ಲಿ, ಹನ್ನೊಂದು ಗಂಡಸರ ಎದುರು ವಾರಿಜಾಳನ್ನು ಅವಳು ಮುಟ್ಟಾಗಿದ್ದಾಳೆಯೇ ಎಂದು ಕೇಳಲಾಯಿತು.

ಕೇಳಿದವರು ಗುತ್ತಿನ, ಅಂದರೆ ಊರಿನ ಹಳೆಯ ಜಮೀನ್ದಾರಿ ಮನೆತನದ, ಯಜಮಾನ ದೇವದಾಸರು. ಬಾಯಲ್ಲಿ ಎಲೆಯಡಿಕೆ ಇತ್ತು. ಅದನ್ನು ಉಗುಳಿ ಬಂದು ಕೇಳುವಷ್ಟು ಮರ್ಯಾದೆಯನ್ನೂ ಅವರು ತೋರಿಸಲಿಲ್ಲ.

ವಾರಿಜಾಳ ಎರಡೂ ಕಾಲು ಮೊಣಗಂಟಿನವರೆಗೆ ಸೆಗಣಿಯಾಗಿತ್ತು. ಅವಳ ಬೆನ್ನ ಹಿಂದೆ ಗುತ್ತುಮನೆಯ ಸುತ್ತಿನ ಮುರಕಲ್ಲಿನ ಗೋಡೆ, ಪಾಗಾರ, ಎಂಟಡಿ ಅಗಲಕ್ಕೆ ಬಿದ್ದಿತ್ತು. ಬಿದ್ದ ಕಲ್ಲುಗಳ ಈಚೆ, ಗೊಬ್ಬರದ ಗುಂಡಿಯಲ್ಲಿ ಮುಂದಿನ ಎರಡು ಚಕ್ರ ಹೂತುಕೊಂಡು ಊರಿನ ಸಹಕಾರಿ ಸೊಸೈಟಿಯ ಸಣ್ಣ ಟ್ರಾಕ್ಟರು ಮೂತಿ ಕೆಳಗೆ ಮಾಡಿ ನಿಂತಿತ್ತು.

"ಕೇಳಿದ್ದು ಕೇಳಿಸಲಿಲ್ಲವಾ? ಹೊರಗಿದ್ದೀಯಾ, ಇಲ್ಲವಾ?"

ಹನ್ನೊಂದು ಜೊತೆ ಕಣ್ಣುಗಳು ಅವಳ ಮುಖ ಬಿಟ್ಟು ಸೀರೆಯ ಹಿಂಭಾಗಕ್ಕೆ ಇಳಿದವು. ಕಲೆ ಹುಡುಕುವ ಕಣ್ಣುಗಳು. ಅವಳಿಗೆ ಮೈಮೇಲೆ ಕಂಬಳಿಹುಳ ಹರಿದಂತಾಯಿತು.

'ಥೂ... ಸೆಗಣಿ ತೊಳೆದರೆ ಹೋಗುತ್ತದೆ. ಇವರ ಈ ನೋಟ ಯಾವ ನೀರಿಗೆ ಹೋಗುತ್ತದೆ?'

ಅದು ಕೆಡ್ಡಸದ ಎರಡನೆಯ ದಿನ. ತುಳುವರ ಪಾಲಿಗೆ ಭೂಮಿ ವರ್ಷಕ್ಕೊಮ್ಮೆ ಮುಟ್ಟಾಗುವ ಮೂರು ದಿನಗಳು ಅವು. ಯಾರೂ ನೆಲ ಉಳುವುದಿಲ್ಲ, ಅಗೆಯುವುದಿಲ್ಲ. ಮೂರನೆಯ ದಿನ ಹೆಂಗಸರು ನೆಲಕ್ಕೆ ಎಣ್ಣೆ ಬಿಟ್ಟು, ಅರಸಿನ ಕುಂಕುಮ ಇಟ್ಟು ಭೂಮಿಯನ್ನು ಮೀಯಿಸುತ್ತಾರೆ. ಹುರಿದ ಅಕ್ಕಿಯ ಹುಡಿಗೆ ಬೆಲ್ಲ, ಕಾಯಿ ಸೇರಿಸಿ ಹಂಚುತ್ತಾರೆ. ಮಣ್ಣು ಮುಟ್ಟಾದರೆ ಊರಿಗೆಲ್ಲ ಸಿಹಿ. ಹುಡುಗಿ ಮುಟ್ಟಾದಳೋ ಎಂಬ ಅನುಮಾನ ಬಂದರೆ ಮಾತ್ರ ಅಂಗಳದಲ್ಲಿ ವಿಚಾರಣೆ.

ಯಾರೂ ಉಳದ ಕಾರಣ ಟ್ರಾಕ್ಟರಿಗೆ ಮೂರು ದಿನ ರಜೆ. ಆ ರಜೆಯಲ್ಲಿ ರಸ್ತೆಯ ಮೇಲೆ ಓಡಿಸಿ ಕಲಿತುಬಿಡಬೇಕು ಎಂದು ವಾರಿಜಾ ಹೊಂಚು ಹಾಕಿದ್ದಳು. ರಸ್ತೆಯಲ್ಲಿ ಓಡಿಸಿದರೆ ಉತ್ತಂತೆ ಆಗುವುದಿಲ್ಲವಲ್ಲ! ಪಾಗಾರದ ಬುಡದ ಮಣ್ಣು ಮಾರುದ್ದ ಕಿತ್ತು ಬರುತ್ತದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅವಳಿಗೆ ಇಪ್ಪತ್ತನಾಲ್ಕು ವರ್ಷ. ಅಪ್ಪ ಇಲ್ಲ. ಅವಳೂ ಅಮ್ಮ ಚಂಪಾಳೂ ಬೀಡಿ ಕಟ್ಟುತ್ತಿದ್ದರು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಡಿಕ್ಲರೇಶನಿನಲ್ಲಿ ಸಿಕ್ಕಿದ ಒಂದು ಎಕರೆ ಗದ್ದೆ ಉಂಟು. ಒಂದು ಕಾಲದಲ್ಲಿ ಅದು ಇದೇ ಗುತ್ತಿನ ಗದ್ದೆ. ಭತ್ತದ ನೇಜಿ ನೆಡುವುದು, ಕಳೆ ಕೀಳುವುದು, ಕೊಯ್ಯುವುದು ಎಲ್ಲವೂ ಹೆಂಗಸರೇ. ನೊಗ, ನೇಗಿಲು ಮಾತ್ರ ಹೆಂಗಸು ಮುಟ್ಟಬಾರದು. ಹೀಗಾಗಿ ಪ್ರತಿ ಮಳೆಗಾಲದಲ್ಲೂ ಗುತ್ತಿನವರ ಕೋಣಗಳು ಎಲ್ಲರ ಗದ್ದೆ ಉತ್ತು ಮುಗಿಸಿ, ಕೊನೆಗೆ ಚಂಪಾಳ ಗದ್ದೆಗೆ ಇಳಿಯುತ್ತಿದ್ದವು. ಅಷ್ಟರಲ್ಲಿ ನೇಜಿ ಬಲಿತು ಗಂಟಾಗಿರುತ್ತಿತ್ತು. ಗದ್ದೆಯಷ್ಟು ಹುಲ್ಲು, ಹಿಡಿಯಷ್ಟು ಭತ್ತ.

ಸೊಸೈಟಿಗೆ ಟ್ರಾಕ್ಟರು ಬಂತು. ಊರಿನದೇ ಒಬ್ಬ ಡ್ರೈವರ್ ಬೇಕೆಂದರು. ಅರ್ಜಿ ಹಾಕಿದವರು ಇಬ್ಬರು. ಒಬ್ಬ ಗಲ್ಫಿಗೆ ಹೋದ. ಉಳಿದವಳು ವಾರಿಜಾ.

ಕಲಿಸಲು ಬಂದವನು ಕಾರ್ಕಳದ ಮೆಕ್ಯಾನಿಕ್ ತಾರಾನಾಥ.

ಮೊದಲ ದಿನ ಸೊಸೈಟಿಯ ಜಗಲಿಯಲ್ಲಿ ಕೂತವರು, "ಬೀಡಿಗೆ ನೂಲು ಸುತ್ತಿದ ಹಾಗಲ್ಲ ಮಾರಾಯ್ತಿ, ಸ್ಟೇರಿಂಗ್ ಉಂಟಲ್ಲ" ಎಂದು ನಕ್ಕಿದ್ದರು. ತಾರಾನಾಥ ನಗಲಿಲ್ಲ. "ಚಪ್ಪಲಿ ಬಿಚ್ಚಿ ಹತ್ತಿ. ಪೆಡಲು ಪಾದಕ್ಕೆ ಗೊತ್ತಾಗಬೇಕು" ಎಂದಷ್ಟೇ ಹೇಳಿದ್ದ.

ಮೂರು ವಾರ ಕಲಿಸಿದ. ಒಂದು ದಿನವೂ ಅವಳ ಕೈ ಮುಟ್ಟಲಿಲ್ಲ. ತಪ್ಪು ಗೇರಿಗೆ ಸ್ಕ್ರೂಡ್ರೈವರಿನಲ್ಲಿ ಟಕ್ ಎಂದು ತಟ್ಟುತ್ತಿದ್ದ. ಬೀಡಿ ಕಟ್ಟಿ ಒಡೆದ ಅವಳ ಬೆರಳುಗಳನ್ನು ಯಾವಾಗ ನೋಡಿದ್ದನೋ! ಒಂದು ಬೆಳಿಗ್ಗೆ ಗೇರಿನ ಕಬ್ಬಿಣದ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿತ್ತು. ಆ ದಿನವಿಡೀ ವಾರಿಜಾ ಕಾರಣವಿಲ್ಲದೆ ಗೇರು ಬದಲಿಸಿದ್ದಳು.

ಅಂಥ ತಾರಾನಾಥ ಈಗ ಗಂಡಸರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ.

"ಅವಳನ್ನು ಕೇಳುವುದು ಬೇಡ. ಓಡಿಸಿದ್ದು ನಾನು."

ಗುದ್ದಿದ ಸದ್ದು ಕೇಳಿ ಓಡಿ ಬಂದವರಲ್ಲಿ ಸೀಟಿನಲ್ಲಿ ಯಾರಿದ್ದರೆಂದು ಕಂಡವರಿರಲಿಲ್ಲ. ವಾರಿಜಾ ತಟ್ಟನೆ ಅವನತ್ತ ತಿರುಗಿದಳು. ಅವನು ಅವಳನ್ನು ನೋಡಲಿಲ್ಲ.

"ನೀನಾ?" ದೇವದಾಸರ ಮುಖ ಸಡಿಲಾಯಿತು. "ಹಾಗೆ ಹೇಳು ಮತ್ತೆ. ಗಂಡಸಿನ ಕೈ ಒಮ್ಮೊಮ್ಮೆ ತಪ್ಪುತ್ತದೆ. ಪಾಗಾರ ಎಂತ, ನಾಲ್ಕು ಕಲ್ಲು ಇಟ್ಟರಾಯಿತು. ಬೇಬಿ, ಇವನಿಗೆ ಒಂದು ಚಾ ಕೊಡು" ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು.

ಆಮೇಲೆ ವಾರಿಜಾಳ ಕಡೆಗೆ ಬೆರಳು ತೋರಿಸಿದರು. "ಆದರೂ ನಿನ್ನ ಮೈಲಿಗೆ ಆ ಗಾಡಿಗೆ ತಾಗಿದ್ದು ಹೌದು. ನಾಳೆ ಬಂದು ಇದೇ ಮಣ್ಣಿಗೆ ಎಣ್ಣೆ ಬಿಟ್ಟು ತಪ್ಪಾಯಿತು ಅನ್ನು. ಇನ್ನು ಮೇಲೆ ಟ್ರಾಕ್ಟರು ಮುಟ್ಟಬೇಡ. ಎಂತ ವಿಲ್ಫ್ರೆಡ್, ಸರಿಯಲ್ವಾ?"

ಸೊಸೈಟಿಯ ಕಾರ್ಯದರ್ಶಿ ವಿಲ್ಫ್ರೆಡ್ ಕಂಕುಳಲ್ಲಿದ್ದ ಫೈಲನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡ. "ಯಜಮಾನರು ಹೇಳಿದ ಮೇಲೆ..."

ತಾರಾನಾಥ ಈಗಲಾದರೂ ಏನಾದರೂ ಹೇಳುತ್ತಾನೆ ಎಂದು ವಾರಿಜಾ ಕಾದಳು.

ಅವನು ಚಾ ಕುಡಿದ.

ಬಿಸಿ ಚಾವನ್ನು ತಲೆತಗ್ಗಿಸಿ, ಊದಿ ಊದಿ ಕುಡಿದ. ಅವಳಿಗೆ ಗಂಟಲಿನವರೆಗೆ ಹೇಸಿಗೆ ಉಕ್ಕಿ ಬಂತು. ಕಲೆ ಹುಡುಕಿದ ಹನ್ನೊಂದು ಮಂದಿಗಿಂತ ಚಾ ಕುಡಿದ ಈ ಒಬ್ಬನ ಮೇಲೆ ಹೆಚ್ಚು.

ಮನೆಯಲ್ಲಿ ಚಂಪಾ ಬೀಡಿಯ ಎಲೆ ಕತ್ತರಿಸುತ್ತ ಎಲ್ಲವನ್ನೂ ಕೇಳಿದಳು. "ಹೋಗಿ ಎಣ್ಣೆ ಬಿಟ್ಟು ಬಾ ಮಗಾ. ಒಂದು ಚಮಚ ಎಣ್ಣೆಯಲ್ಲಿ ಎಂತ ಹೋಗುತ್ತದೆ?"

"ಗದ್ದೆ ಹೋಗುತ್ತದೆ ಅಮ್ಮ. ಟ್ರಾಕ್ಟರು ಬಿಟ್ಟರೆ ಮತ್ತೆ ಅವರ ಕೋಣಗಳನ್ನೇ ಕಾಯಬೇಕು."

"ಆ ಹುಡುಗ ನಿನ್ನನ್ನು ಉಳಿಸಿದನಲ್ಲ?"

"ಉಳಿಸಿದ್ದಾ? ಮೂರು ವಾರ ಪಕ್ಕದಲ್ಲಿ ನಿಂತು ಕಲಿಸಿದವನು ಹನ್ನೊಂದು ಜನರ ಎದುರು ನಾನು ಓಡಿಸಿಯೇ ಇಲ್ಲ ಅಂದ. ಗುದ್ದಿದ್ದಾದರೂ ನಾನಲ್ಲವಾ? ಅದನ್ನೂ ಕಿತ್ತುಕೊಂಡ."

ಚಂಪಾಳ ಕತ್ತರಿ ನಿಂತಿತು. ಅವಳು ಮಗಳ ಮುಖವನ್ನೇ ನೋಡಿದಳು. "ಇಷ್ಟು ಸಿಟ್ಟು ಬೇರೆಯವರ ಮೇಲೆ ಬರುವುದಿಲ್ಲ" ಎಂದಳು ಮೆಲ್ಲಗೆ.

ಮರುದಿನ ಬೆಳಿಗ್ಗೆ ಅವಳು ಗುಂಡಿಯ ಹತ್ತಿರ ಹೋದಳು. ಎಣ್ಣೆ ಬಿಡಲು ಅಲ್ಲ. ರಾತ್ರಿಯಿಡೀ ಅವಳ ಬಲಗಾಲು ಆ ಒಂದು ಕ್ಷಣವನ್ನು ಮತ್ತೆ ಮತ್ತೆ ಒತ್ತಿ ನೋಡಿತ್ತು. ಎದುರು ದನ ಬಂತು. ಬ್ರೇಕ್ ಒತ್ತಿದಳು. ಸ್ಟೇರಿಂಗ್ ನೇರವಾಗಿತ್ತು. ಆದರೂ ಟ್ರಾಕ್ಟರು ಬಲಕ್ಕೆ ಗಿರ್ರನೆ ತಿರುಗಿ ಪಾಗಾರಕ್ಕೆ ನುಗ್ಗಿತು... ಯಾಕೆ?

ಸೀಟಿಗೆ ಹತ್ತಿ ಬಗ್ಗಿ ನೋಡಿದಳು. ಬಲಗಾಲಿನ ಕೆಳಗೆ ಎರಡು ಬ್ರೇಕ್ ಪೆಡಲುಗಳು, ಎಡಚಕ್ರಕ್ಕೆ ಒಂದು, ಬಲಚಕ್ರಕ್ಕೆ ಒಂದು. ಗದ್ದೆಯ ಮೂಲೆಯಲ್ಲಿ ತಿರುಗಿಸಲು ಅವನ್ನು ಬೇರೆ ಬೇರೆ ಒತ್ತುತ್ತಾರೆ. ರಸ್ತೆಗೆ ಇಳಿಯುವ ಮೊದಲು ಎರಡನ್ನೂ ಒಂದು ಕೊಕ್ಕೆಯಿಂದ ಸೇರಿಸಲೇಬೇಕು. ಇಲ್ಲದಿದ್ದರೆ ಒಂದೇ ಚಕ್ರ ಹಿಡಿದು ಗಾಡಿ ಅತ್ತ ತಿರುಗುತ್ತದೆ.

ಕೊಕ್ಕೆ ಬಿಚ್ಚಿ ನೇತಾಡುತ್ತಿತ್ತು. ನಿನ್ನೆ ಅವಳ ಪಾದ ಒತ್ತಿದ್ದು ಬಲಚಕ್ರದ ಪೆಡಲೊಂದನ್ನೇ.

"ಕೆಡ್ಡಸಕ್ಕೆ ಮೊದಲು ಗದ್ದೆಯಲ್ಲಿ ಬಿಚ್ಚಿದ್ದು. ಮತ್ತೆ ಹಾಕಲು ಮರೆತೆ."

ತಾರಾನಾಥ ಪಾಗಾರದ ಸಂದಿಯಲ್ಲಿ ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ನಿನ್ನೆಯೇ ಗೊತ್ತಿತ್ತಾ ಮಾಷ್ಟ್ರೆ?"

"ಗೊತ್ತಿತ್ತು."

"ಗೊತ್ತಿದ್ದೂ ಚಾ ಕುಡಿದಿರಿ."

"ನಾನು ಓಡಿಸಿದೆ ಅಂದರೆ ಕೈ ತಪ್ಪಿದ ಹಾಗೆ. ಕೊಕ್ಕೆ ಮರೆತೆ ಅಂದರೆ ಕೆಲಸ ಗೊತ್ತಿಲ್ಲದವನ ಹಾಗೆ. ಸೊಸೈಟಿ ಅಲ್ಲೇ ಕಳಿಸುತ್ತಿತ್ತು. ಮತ್ತೆ... ಅವರು ನಿಮ್ಮನ್ನು ಹಾಗೆ ನೋಡುವುದು ಸಹಿಸಲಿಕ್ಕೆ ಆಗಲಿಲ್ಲ. ಬಾಯಿ ಮುಚ್ಚಿಸಬೇಕು ಅನ್ನಿಸಿತು."

"ಯಾರ ಬಾಯಿ ಮುಚ್ಚಿತು? ಅವರದ್ದು ತೆರೆದೇ ಇತ್ತು. ಮುಚ್ಚಿದ್ದು ನನ್ನದು, ನಿಮ್ಮದು."

ತಾರಾನಾಥ ತಲೆ ತಗ್ಗಿಸಿದ.

"ನಿಮ್ಮ ಮೇಲೆ ನನಗೆ ಎಂಥ ಹೇಸಿಗೆ ಬಂತು ಗೊತ್ತುಂಟಾ?" ಅವಳ ದನಿ ಒಡೆಯಿತು. "ಬಾರದಿದ್ದರೆ ಒಳ್ಳೆಯದಿತ್ತು. ನಿಮ್ಮ ಮೇಲೆ ಬರಬಾರದಿತ್ತು..."

ಅವಳು ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳು. ಕೈಯಲ್ಲಿ ಗ್ರೀಸ್ ಇತ್ತು. ಕೆನ್ನೆಯುದ್ದಕ್ಕೂ ಕಪ್ಪು ಬಿತ್ತು. ತಾರಾನಾಥ ಜೇಬಿನಿಂದ ಬಟ್ಟೆಯ ಚೂರು ತೆಗೆದು ನೋಡಿದ. ಅದು ಇನ್ನೂ ಕೊಳಕಾಗಿತ್ತು. ಮತ್ತೆ ಜೇಬಿಗೆ ತುರುಕಿದ.

ಮಧ್ಯಾಹ್ನ ಗುತ್ತಿನ ಅಂಗಳದಲ್ಲಿ ನಿನ್ನೆಗಿಂತ ಹೆಚ್ಚು ಜನ ಸೇರಿದ್ದರು. ದೇವದಾಸರ ಹೆಂಡತಿ ಬೇಬಿಯಕ್ಕ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದರು.

"ತೆಗೆದುಕೋ. ಬಿಡು" ಎಂದರು ದೇವದಾಸರು.

ವಾರಿಜಾ ಬಟ್ಟಲು ಮುಟ್ಟಲಿಲ್ಲ. "ಭೂಮಿಗೆ ನಮ್ಮ ಮನೆಯ ಅಂಗಳದಲ್ಲಿ ಬೆಳಿಗ್ಗೆಯೇ ಬಿಟ್ಟಿದ್ದೇನೆ. ನಿಮ್ಮ ಪಾಗಾರಕ್ಕೆ ಬಿಡಲಿಕ್ಕೆ ನನ್ನಲ್ಲಿ ಎಣ್ಣೆ ಇಲ್ಲ."

"ಎಷ್ಟು ಅಹಂಕಾರ ನೋಡಿ..."

"ಒಂದು ನಿಮಿಷ" ಎಂದ ತಾರಾನಾಥ. "ನಿನ್ನೆ ನಾನು ಹೇಳಿದ್ದು ಸುಳ್ಳು. ಓಡಿಸಿದ್ದು ವಾರಿಜಾ. ಬ್ರೇಕ್ ಒತ್ತಬೇಕಾದಲ್ಲಿ ಸರಿಯಾಗಿಯೇ ಒತ್ತಿದಳು. ಎರಡು ಪೆಡಲು ಸೇರಿಸುವ ಕೊಕ್ಕೆ ಹಾಕದೆ ಅವಳ ಕೈಗೆ ಗಾಡಿ ಕೊಟ್ಟವನು ನಾನು. ಪಾಗಾರ ಬಿದ್ದದ್ದು ನನ್ನ ಮರೆವಿನಿಂದ, ಯಾರ ಮುಟ್ಟಿನಿಂದಲೂ ಅಲ್ಲ. ಆ ಕಲ್ಲು ನಾನೇ ಕಟ್ಟಿಕೊಡುತ್ತೇನೆ."

"ನಿನ್ನೆ ನನ್ನ ಮನೆಯಲ್ಲಿ ನಿಂತು ಸುಳ್ಳು ಹೇಳಿದೆಯಾ?"

"ಹೌದು. ಸುಳ್ಳಿಗೆ ಚಾ ಕೊಟ್ಟಿರಿ. ಸತ್ಯಕ್ಕೆ ಎಂತ ಕೊಡುತ್ತೀರಿ ನೋಡುವ."

ಯಾರೋ ಕಿಸಕ್ಕನೆ ನಕ್ಕರು. ದೇವದಾಸರ ಕಿವಿ ಕೆಂಪಾಯಿತು. "ಕೊಕ್ಕೆಯಂತೆ! ಅವಳು ಹೊರಗಿದ್ದಳೋ ಇಲ್ಲವೋ, ಅದನ್ನು ಹೇಳಲಿ."

ಆಗ ಮಾತಾಡಿದ್ದು ಬೇಬಿಯಕ್ಕ. ಬಟ್ಟಲಿನಿಂದ ಕಣ್ಣೆತ್ತದೆ ಮಾತಾಡಿದರು.

"ಮೂವತ್ತು ವರ್ಷ ನಾನು ಈ ಮನೆಯ ಹಿಂದಿನ ಚಾವಡಿಯಲ್ಲಿ ತಿಂಗಳಿಗೆ ಮೂರು ದಿನ ಮಲಗಿದ್ದೇನೆ. ಒಂದು ಕಲ್ಲೂ ಅಲುಗಲಿಲ್ಲವಲ್ಲ ಇವರೇ."

ಬೇಬಿಯಕ್ಕ ಬಟ್ಟಲನ್ನು ಜಗಲಿಯ ಮೇಲಿಟ್ಟು ಒಳಗೆ ಹೋದರು.

ವಿಲ್ಫ್ರೆಡ್ ಎರಡು ಸಲ ಕೆಮ್ಮಿದ. ಯಜಮಾನರಿಗೆ ಹೂಂಗುಟ್ಟಿ ಬಂದ ಅವನೊಡನೆ ಮನೆಯಲ್ಲಿ ಹೆಂಡತಿ ನಿನ್ನೆಯಿಂದ ಮಾತು ಬಿಟ್ಟಿದ್ದಳು. "ನೋಡಿ, ಸೊಸೈಟಿಗೆ ಬೇಕಾದ್ದು ಡ್ರೈವರ್. ಆ ಗುಂಡಿಯಿಂದ ಗಾಡಿಯನ್ನು ಹಿಂದಕ್ಕೆ ತೆಗೆದರೆ ನನಗೆ ಬೇರೆ ಪರೀಕ್ಷೆ ಬೇಡ. ತೆಗೆಯದಿದ್ದರೆ ಅರ್ಜಿ ವಾಪಸ್. ಇಷ್ಟೇ."

ವಾರಿಜಾ ಸೆರಗು ಬಿಗಿದು ಸಿಕ್ಕಿಸಿ, ಚಪ್ಪಲಿ ಬಿಟ್ಟು ಗುಂಡಿಗೆ ಇಳಿದಳು. ತೆಂಗಿನ ಮಡಲು ಎಳೆದು ತಂದು ಗುಂಡಿಯ ಅಂಚಿನಲ್ಲಿದ್ದ ಹಿಂದಿನ ಚಕ್ರಗಳ ಬುಡಕ್ಕೆ ಹಾಸಿದಳು. ಸೆಗಣಿ ಮೊಣಕಾಲಿಗೆ ಬಂತು, ನಾತ ಮೂಗಿಗೆ ಹೊಡೆಯಿತು. ನಿನ್ನೆಯ ಆ ಕಣ್ಣುಗಳಿಗಿಂತ ಇದು ಎಷ್ಟೋ ವಾಸಿ ಎನ್ನಿಸಿತು ಅವಳಿಗೆ. ಸೀಟಿಗೆ ಹತ್ತಿ ಇಂಜಿನ್ ಚಾಲೂ ಮಾಡಿದಳು.

"ತಾರಾನಾಥ, ಇಳಿಸು ಅವಳನ್ನು!" ದೇವದಾಸರು ಕೂಗಿದರು. "ಉಳಿದ ಪಾಗಾರವನ್ನೂ ಬೀಳಿಸುತ್ತಾಳೆ."

"ಬೀಳಿಸಿದರೆ ಅದನ್ನೂ ಕಟ್ಟುತ್ತೇನೆ. ಇಳಿಸುವುದಿಲ್ಲ."

ರಿವರ್ಸ್ ಬಿತ್ತು. ಅವಳು ಕ್ಲಚ್ಚನ್ನು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಬಿಟ್ಟಳು. ಚಕ್ರಗಳು ಸುಮ್ಮನೆ ತಿರುಗಿ ಸೆಗಣಿಯನ್ನು ದೇವದಾಸರ ಬಿಳಿ ಪಂಚೆಯವರೆಗೆ ಎರಚಿದವು. ಮಡಲು ಕರಕರ ಎಂದಿತು. ಕಚ್ಚಿಕೊಂಡಿತು... ಟ್ರಾಕ್ಟರು ನರಳುತ್ತ, ಅಲುಗುತ್ತ, ಒಂದೊಂದೇ ಗೇಣು ಹಿಂದೆ ಸರಿದು, ಪಾಗಾರದ ಸಂದಿಯಲ್ಲಿ ಎಲ್ಲೂ ತಾಗದೆ ಹಾದು ರಸ್ತೆಗೆ ಬಂದು ನಿಂತಿತು.

ವಿಲ್ಫ್ರೆಡ್ ಫೈಲು ಬಿಚ್ಚಿ ಅಲ್ಲೇ ನಿಂತು ಬರೆದ. ದೇವದಾಸರು ಪಂಚೆ ಕೊಡವುತ್ತ, "ಜೂನಿನಲ್ಲಿ ನನ್ನ ಗದ್ದೆಗೆ ಈ ಗಾಡಿ ಬರುವುದು ಬೇಡ" ಎಂದರು.

"ಆಗಲಿ. ಮೊದಲು ನಮ್ಮ ಗದ್ದೆ ಉಂಟು" ಎಂದಳು ವಾರಿಜಾ.

ತಾರಾನಾಥ ಟ್ರಾಕ್ಟರಿನ ಪಕ್ಕಕ್ಕೆ ಬಂದ. ಅವನ ಮುಖದಲ್ಲಿ ಸೆಗಣಿಯ ಹನಿಗಳಿದ್ದವು.

"ನನ್ನ ಮೇಲಿನ ಹೇಸಿಗೆ... ಇನ್ನೂ ಉಂಟಾ?"

"ಸ್ವಲ್ಪ ಉಂಟು. ಆ ಚಾದಷ್ಟು."

"ಅದು ಹೋಗಲಿಕ್ಕೆ ಎಷ್ಟು ದಿನ ಬೇಕು?"

"ಪಾಗಾರ ಕಟ್ಟಿ ಮುಗಿಸಿ. ನೋಡುವ."

ಅವನು ಒಮ್ಮೆ ಹಿಂದೆ ತಿರುಗಿ ಅಂಗಳದ ತುಂಬ ನಿಂತ ಜನರನ್ನು ನೋಡಿದ. ಮತ್ತೆ ಅವಳನ್ನು ನೋಡಿದ. ಮಡ್‌ಗಾರ್ಡಿನ ಮೇಲೆ ಕೈ ಊರಿದ.

"ವಾರಿಜಾ, ನನಗೆ ಒಂದು ಮಾತು ಹೇಳಲಿಕ್ಕೆ ಉಂಟು. ಮೂರು ವಾರದಿಂದ ಉಂಟು. ಇಂಜಿನ್ ನಿಲ್ಲಿಸಿ, ಮೆಲ್ಲಗೆ ಹೇಳುತ್ತೇನೆ."

ನಿನ್ನೆಯಿಂದ ಮೊದಲ ಬಾರಿಗೆ ಅವಳು ನಕ್ಕಳು.

"ನಿಲ್ಲಿಸುವುದಿಲ್ಲ" ಎಂದಳು. "ಇವರಿಗೆಲ್ಲ ಕೇಳುವ ಹಾಗೆ ಹೇಳಿ."