ಚುಕ್ಕೆಯಿಲ್ಲದ ರ‍್ಯಾಮ್

“ಏನೇ ಬಿಚ್ಚಿದ್ರೂ ನನ್ನ ಕಣ್ಣೆದುರೇ ಬಿಚ್ಚಬೇಕು,” ಎಂದಳು ಅವಳು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು.

ಕಂಪ್ಯೂಟರ್ ರಿಪೇರಿ ಅಂಗಡಿಯವನು ನಕ್ಕ. “ಮುಚ್ಚಳ ತೆಗೆಯೋಕೂ ಅಪ್ಪಣೆ ಬೇಕಾ ಮೇಡಂ?”

“ತೆಗೀರಿ. ನಗೋದು ಬೇಡ.”

ಅವಳು ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಬಟ್ಟೆ ಕತ್ತರಿಸುವ ನಮೂನೆ ಬರೆದುಕೊಡುವವಳು. ತೋಳು, ಕೊರಳು, ಅಂಚು ಎಲ್ಲವೂ ಆ ಹಳೆಯ ಕಂಪ್ಯೂಟರಿನಲ್ಲೇ; ಅವಳ ಸಾಫ್ಟ್‌ವೇರ್ ಹೊಸದರಲ್ಲಿ ಓಡುತ್ತಿರಲಿಲ್ಲ. ಈಗ ಹಳೆಯದೂ ನಡುನಡುವೆ ನಿಂತುಹೋಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವಳಿಗೂ ಅತ್ತೆಗೂ ಅದೇ ಅನ್ನದ ದಾರಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ದೇವರು ಅವಳಿಗೆ ಕಷ್ಟ ಕೊಟ್ಟೇ ಕಲಿಸಿದ್ದ.

ಅವಳು ಚೀಲದಿಂದ ಕಂಪ್ಯೂಟರಿನ ನೆನಪಿನ ಪಟ್ಟಿಯಾದ ಹೊಸ ರ‍್ಯಾಮ್ ತೆಗೆದಿಟ್ಟಳು. “ಇದನ್ನ ಹಾಕಿ ಸಾಕು. ಎಲ್ಲಕ್ಕೂ ಆಗುತ್ತೆ ಅಂದ್ರು ಮಾರಿದವರು.”

ಅವನು ಹಳೆಯದನ್ನೂ ಹೊಸದನ್ನೂ ಅಂಗೈ ಮೇಲೆ ಒಟ್ಟಿಗೆ ಹಿಡಿದ. “ಈ ಕಚ್ಚು ನೋಡಿ. ಹಳೇದರಲ್ಲಿ ಇಲ್ಲಿದೆ, ಹೊಸದರಲ್ಲಿ ಅಲ್ಲಿದೆ. ನಿಮ್ಮ ಬೋರ್ಡಿಗೆ ಬೇಕಾದ್ದು ಡಿಡಿಆರ್ ಟು ಅನ್ನೋ ಹಳೇ ಜಾತಿ, ಇದು ಥ್ರೀ. ಒತ್ತಿ ಕೂರಿಸಿದ್ರೆ ಬೋರ್ಡೇ ಹಾಳು.”

ಅವಳು ಕಚ್ಚನ್ನು ನೋಡಿದಳು. ಅವನ ನೀಳ ಬೆರಳುಗಳನ್ನೂ ನೋಡಿದಳು. “ನಿಮ್ಮದನ್ನ ಮಾರೋಕೆ ಹೀಗೆ ಹೇಳ್ತಿದೀರಾ?”

“ಮಾರೋಕೆ ನನ್ನ ಹತ್ರ ಇಲ್ಲ. ಹುಡುಕಬೇಕು. ದಿನಾ ಬಂದು ಕಾವಲು ಕೂತ್ಕೊಳ್ಳಿ.”

ಅಂದು ಕಂಪ್ಯೂಟರನ್ನು ಮನೆಗೆ ಹೊತ್ತು ತಂದು, ಮರುದಿನ ಹೊರಡುವ ಮುನ್ನ ಒಳಗಿನ ಒಂದೊಂದು ಭಾಗಕ್ಕೂ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಳು.

“ಇದೇನೇ, ಕಂಪ್ಯೂಟರಿಗೆ ಶೃಂಗಾರ?” ಎಂದರು ಅತ್ತೆ.

“ಬದಲಾಯಿಸಿದ್ರೆ ಗೊತ್ತಾಗಬೇಕಲ್ಲ ಅತ್ತೆ. ಆ ಮನುಷ್ಯನ ನಗು ನೋಡಿದ್ರೇನೇ ಅನುಮಾನ.”

“ಕಳ್ಳನ್ನ ಹಿಡಿಯೋಕೆ ಹೋಗೋರು ಎರಡು ಸಲ ತಲೆ ಬಾಚ್ಕೊಳ್ಳಲ್ಲ ಕಣೆ.”

ಅವಳು ಮುಚ್ಚಳ ಬಿಗಿದು ಕಂಪ್ಯೂಟರ್ ಎತ್ತಿಕೊಂಡಳು.

ಆಮೇಲೆ ದಿನವೂ ಕಂಪ್ಯೂಟರ್ ಹೊತ್ತು ಅಂಗಡಿಗೆ, ದಿನವೂ ಕಾವಲು. ಅವನು ಎಲ್ಲೆಲ್ಲಿಂದಲೋ ಹಳೆಯ ರ‍್ಯಾಮ್ ತರುವನು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜುವನು, ಒಂದು ಕಣ್ಣು ಕಿರಿದು ಮಾಡಿ ಅವಳದರ ಪಕ್ಕ ಕೂರಿಸುವನು. ಕಂಪ್ಯೂಟರ್ ಬೀಪ್ ಎಂದು ಕೂಗಿ ಸುಮ್ಮನಾಗುವುದು.

“ಏನು ನೋಡ್ತಿದೀರಿ?” ಎಂದ ಒಮ್ಮೆ.

“ನಿಮ್ಮ ಕೈ.”

“ಕೈ ಇಲ್ಲಿದೆ. ನೀವು ನೋಡ್ತಿರೋದು ಮುಖ.”

“ಕಳ್ಳತನ ಮೊದಲು ಕಾಣೋದು ಮುಖದಲ್ಲೇ,” ಎಂದಳು. ಆದರೆ ಕಿವಿ ಬೆಚ್ಚಗಾಯಿತು.

ಒಂದು ಬೆಳಿಗ್ಗೆ ಅತ್ತೆಗೆ ಜ್ವರ ಬಂತು. ಕಂಪ್ಯೂಟರನ್ನು ಅವನ ಮೇಜಿನ ಮೇಲಿಟ್ಟು, ವಿಷಯ ಹೇಳಿ, ಮನಸ್ಸಿಲ್ಲದ ಮನಸ್ಸಿನಿಂದ ಮನೆಗೆ ಓಡಿದಳು.

ಸಂಜೆ ಬಂದಾಗ ನಮೂನೆಗಳು ಪರದೆಯ ಮೇಲೆ ಸರಸರನೆ ತೆರೆದುಕೊಂಡವು. ಅವಳು ಯಂತ್ರ ಆರಿಸಿ ಮುಚ್ಚಳ ತೆಗೆದಳು. ರ‍್ಯಾಮ್ ಎರಡಿದ್ದವು. ಯಾವುದರ ಮೇಲೂ ಚುಕ್ಕೆಯಿರಲಿಲ್ಲ.

“ನನ್ನದೆಲ್ಲಿ?” ಎಂದಳು. ಈ ಮನುಷ್ಯನನ್ನು ನಂಬತೊಡಗಿದ್ದೆನೆಂದು ಅವಳಿಗೆ ತಿಳಿದದ್ದು ಆಗಲೇ.

ಅವನು ಡ್ರಾಯರಿನಿಂದ ಚುಕ್ಕೆಯ ರ‍್ಯಾಮ್ ತೆಗೆದುಕೊಟ್ಟ. “ಇದೇ ಕೆಟ್ಟಿತ್ತು. ಯಾವುದರ ಜೊತೆಗೂ ಹೊಂದ್ತಿರಲಿಲ್ಲ.”

“ಹಾಗಾದ್ರೆ ಇವು?”

ಅವನ ಕಣ್ಣು ಅವಳ ಬೆನ್ನ ಹಿಂದಕ್ಕೆ ಹೋಯಿತು. ಅವಳೂ ತಿರುಗಿ ನೋಡಿದಳು. ಮೂಲೆಯಲ್ಲಿ ಅವನ ಸ್ವಂತ ಹಳೆಯ ಕಂಪ್ಯೂಟರ್ ಮುಚ್ಚಳ ತೆರೆದು ಬಿದ್ದಿತ್ತು. ರ‍್ಯಾಮ್ ಕೂರುವ ಜಾಗ ಖಾಲಿ.

“ಇವು ನಿಮ್ಮದಕ್ಕೆ ಸರಿಹೋಗ್ತವೆ ಅಂತ ಮೊದಲೇ ಗೊತ್ತಿತ್ತು,” ಎಂದ ತಲೆ ತಗ್ಗಿಸಿ. “ಕೊಟ್ಟುಬಿಟ್ರೆ ನೀವು ಬರೋದು ನಿಲ್ಲುತ್ತೆ. ಅದಕ್ಕೇ ಬೇರೆ ಹುಡುಕ್ತಾ ಹುಡುಕ್ತಾ ಕಾಲ ತಳ್ಳಿದೆ. ಇವತ್ತು ಅತ್ತೆಗೆ ಜ್ವರ ಅಂತ ಓಡಿದ್ರಲ್ಲ, ನಾಚಿಕೆಯಾಯ್ತು. ನನ್ನ ಆಸೆಗೆ ನಿಮ್ಮ ಕೆಲಸ ಕಟ್ಟಿಹಾಕಬಾರದಿತ್ತು.”

“ಅಂದ್ರೆ ನನ್ನ ಅನುಮಾನ ಸರಿ.”

“ಪೂರ್ತಿ ಸರಿ.”

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು, ಅದರ ಬೆನ್ನಿಗೇ ಕಣ್ಣೀರು. ಮನಸ್ಸಿನಲ್ಲೇ ತೀರಿಹೋದ ಗಂಡನನ್ನು ನೆನೆದಳು, ದೇವರನ್ನು ನೆನೆದಳು. ಯಾರೂ ಬೇಡವೆನ್ನಲಿಲ್ಲ.

“ಇದನ್ನೆಲ್ಲ ನಮ್ಮತ್ತೆ ಎದುರು ಹೇಳ್ತೀರಾ?”

“ಎಲ್ಲಾನೂ?”

“ಆಸೆ ಅಂದ್ರಲ್ಲ, ಅಲ್ಲಿಂದ ಶುರು ಮಾಡಿ. ಈಗಲೇ ಬನ್ನಿ.”

ಅವನು ಅವಸರದಲ್ಲಿ ದೀಪ ಆರಿಸದೆಯೇ ಅಂಗಡಿಗೆ ಬೀಗ ಹಾಕಿದ. ಗಾಜಿನ ಹಿಂದೆ ಬೆಳಕು ಉರಿಯುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಹೇಳಿದರೆ ಅವನು ಹಿಂದಿರುಗಿ ಹೋಗುತ್ತಾನೆ. ಅವಳು ಹೇಳಲಿಲ್ಲ.