ರಜೆ ಕೇಳದ ದೇಹ

ಹೆಡ್‌ಫೋನಿನಲ್ಲಿ ಹೆಂಗಸೊಬ್ಬಳು ಚೀರುತ್ತಿದ್ದಳು. ಗಂಡನಿಗೆ ಕರೆಂಟು ಹೊಡೆದಿತ್ತು. ಹುಬ್ಬಳ್ಳಿಯ ತುರ್ತು ಕರೆ ಕೇಂದ್ರದಲ್ಲಿ ಕುಳಿತಿದ್ದ ಮಹಾನಂದಾ ವಿಳಾಸ ಕೇಳಿ ಆಂಬುಲೆನ್ಸ್ ಕಳಿಸಿದಳು, ಅದು ಬರುವತನಕ ಎದೆ ಒತ್ತುವುದು ಹೇಗೆಂದು ಹೇಳಿಕೊಟ್ಟಳು. ಅವಳ ಎದೆಬಡಿತ ಮಾತ್ರ ಸ್ವಲ್ಪವೂ ಏರಲಿಲ್ಲ. ಹೆಗಲ ಬಳಿ ಚರ್ಮದಡಿ ಹುದುಗಿಸಿದ್ದ, ಅಕ್ಕಿಕಾಳಿನಷ್ಟು ಚಿಕ್ಕ ‘ಶಮನಿ’ ಯಂತ್ರ ತನ್ನ ಕೆಲಸ ಮಾಡಿತ್ತು.

ಆತಂಕವಾದಾಗ ಮೂತ್ರಪಿಂಡದ ಮೇಲಿನ ಗ್ರಂಥಿಗಳು ಕಾರ್ಟಿಸಾಲ್ ಮೊದಲಾದ ರಸಗಳನ್ನು ಸುರಿಸುತ್ತವೆ. ಅಪಾಯದ ಗಳಿಗೆಯಲ್ಲಿ ಅವು ಬೇಕು. ಆದರೆ ವರ್ಷಗಟ್ಟಲೆ ಇಳಿಯದೆ ನಿಂತರೆ ರಕ್ತದೊತ್ತಡ ಏರುತ್ತದೆ, ನಿದ್ದೆ ಕೆಡುತ್ತದೆ, ಹೃದಯ ಸವೆಯುತ್ತದೆ. ಶಮನಿ ಅವನ್ನು ಹದ ಮೀರದಂತೆ ತಡೆಯುತ್ತಿತ್ತು. ೨೦೫೮ರ ಹೊತ್ತಿಗೆ ದುಡಿಯುವವರಲ್ಲಿ ಬಹುಪಾಲು ಜನರ ಮೈಯಲ್ಲಿ ಅದಿತ್ತು.

ಅದನ್ನು ರೂಪಿಸಿದ ಡಾ. ಸುಲೋಚನಾ ಅಂಗಡಿಯವರ ಬಳಿಗೆ ಒಂದು ದಿನ ಮಹಾನಂದಾ ಬಂದಳು.

“ಇದನ್ನ ತೆಗೀರಿ ಮೇಡಮ್ಮಾರ.”

“ಯಾಕವಾ, ಏನು ತ್ರಾಸ ಆಗೇತಿ?”

“ಏನೂ ಆಗಿಲ್ಲರಿ, ಅದ ತ್ರಾಸ. ಮೊದ್ಲ ಬಿಪಿ ಏರಿದ್ರ ರಜಾ ಕೊಡ್ತಿದ್ರು. ಈಗ ರಿಪೋರ್ಟ್ ಚಲೋ ಐತಲ್ಲ, ಇನ್ನೊಂದು ಪಾಳಿ ಮಾಡು ಅಂತಾರ. ಅರ್ಧ ಮಂದೀನ ಕೆಲಸದಿಂದ ತಗದಾರ. ನನ್ನ ಮಗಳು ದೊಡ್ಡಾಕಿ ಆಗಿದ್ದು ನನಗ ಬಾಜೂ ಮನಿಯಾಕಿ ಹೇಳಿದ್ಲು. ಕೇಳಿ ಅಳೂನೂ ಬರ್ಲಿಲ್ಲರಿ.”

ಸುಲೋಚನಾ ಕೇಂದ್ರದ ಮುಖ್ಯಸ್ಥರಿಗೆ ಫೋನ್ ಮಾಡಿ, ಅವಳಿಗೆ ರಜೆ ಕೊಡುವಂತೆ ಕೇಳಿದರು. “ಆಕಿ ಆರೋಗ್ಯ ಕೆಟ್ಟಿಲ್ಲಲ್ರಿ, ಮತ್ತ್ಯಾಕ ರಜಾ?” ಎಂದರು ಅವರು.

“ತೆಗೆದ್ರ ಬಿಪಿ ಏರಿ ಲಕ್ವಾನೂ ಹೊಡೀಬಹುದವಾ,” ಎಂದು ಸುಲೋಚನಾ ಎಚ್ಚರಿಸಿದರು. ಮಹಾನಂದಾ ಪಟ್ಟು ಬಿಡಲಿಲ್ಲ. ಕೊನೆಗೆ ತೆಗೆದರು.

ಪಾಳಿಗಳು ಕಡಿಮೆಯಾಗಲಿಲ್ಲ. ದೀಪಾವಳಿಗೆ ಮುಂಚೆ, ಯಾರದೋ ಕರೆಗೆ ಉತ್ತರಿಸುತ್ತಿದ್ದಾಗಲೇ ಅವಳ ಮಾತು ತೊದಲಿತು, ಬಲಗೈ ಸೋತು ಬಿತ್ತು.

ಸುಲೋಚನಾ ನೋಡಲು ಹೋದಾಗ ಮಗಳು ತಾಯಿಗೆ ಗಂಜಿ ಕುಡಿಸುತ್ತಿದ್ದಳು. ಮಹಾನಂದಾಳ ಅರ್ಧ ಬಾಯಿ ನಕ್ಕಿತು. “ರಜಾ… ಸಿಕ್ಕೇತ್ರಿ.”

“ಆ ಶಮನಿ ಮತ್ತ ಹಾಕಿದ್ರ ಅವ್ವ ಆರಾಮ ಆಕ್ಕಾಳೇನ್ರಿ?” ಮಗಳು ಕೇಳಿದಳು.

“ಇಲ್ಲವಾ,” ಎಂದರು ಸುಲೋಚನಾ. “ನನ್ನ ತಮ್ಮ ಪೊಲೀಸ್ ಇದ್ದ. ಮೂವತ್ತು ವರ್ಷದ ಹಿಂದ ಡ್ಯೂಟಿ ಮ್ಯಾಲೇ ಎದಿ ಒಡದು ಹೋದ. ವಾರಕ್ಕೊಂದು ರಜಾ ಕೊಟ್ಟಿದ್ರ ಬದುಕ್ತಿದ್ನೋ ಏನೋ. ಯಾಕ ಕೊಡ್ಲಿಲ್ಲ ಅಂತ ನಾ ಯಾರನ್ನೂ ಕೇಳ್ಲಿಲ್ಲ. ಯಂತ್ರ ಮಾಡಾಕ ಕುಂತೆ.”

ಹುಡುಗಿ ತಾಯಿಯ ಬಾಯಂಚಿನಿಂದ ಇಳಿದ ಗಂಜಿಯನ್ನು ಒರೆಸಿ, ಮತ್ತೊಂದು ಚಮಚ ತುಂಬಿದಳು.